ಅಡುಗೆಮನೆ ಪ್ರಶ್ನೋತ್ತರ: ಬಾಟಲಿಯ ಬಾದಾಮಿ ಬಟರ್ ದುಬಾರಿ, ನಮ್ಮ ಮಿಕ್ಸಿಯಲ್ಲಿ ಆಗುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನಟ್ ಬಟರ್ ಬಗ್ಗೆಯೇ ಇವೆ. ಅದರಲ್ಲೂ ಹುರಿಯದ, ಹಸಿ ಬೀಜದ ಬಟರ್ ಬಗ್ಗೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಂಡು, ಇವಕ್ಕೆ ಒಟ್ಟಿಗೆ ಉತ್ತರ ಕೊಡುತ್ತಿದ್ದೇನೆ.

ಪ್ರಶ್ನೆ: ಅಕ್ಕಾ, ಮಗ ಜಿಮ್‌ಗೆ ಹೋಗ್ತಾನೆ. ದಿನಾ ಹಸಿ ಬಾದಾಮಿ ಬಟರ್ ತಿನ್ನು ಅಂತ ಟ್ರೇನರ್ ಹೇಳಿದ್ದಾರಂತೆ. ಅಂಗಡಿಯಲ್ಲಿ 200 ಗ್ರಾಂ ಬಾಟಲಿಗೆ 420 ರೂಪಾಯಿ, ವಾರಕ್ಕೊಂದು ಖಾಲಿ. ಅದೇ ಅಂಗಡಿಯಲ್ಲಿ ಬಾದಾಮಿ ಕೆಜಿಗೆ 900. ನಮ್ಮನೇಲಿರೋದು 500 ವ್ಯಾಟಿನ ಹಳೇ ಮಿಕ್ಸಿ. ಅದರಲ್ಲಿ ಆಗುತ್ತಾ?
— ಮೈಸೂರಿನ ಓದುಗರು

ಉತ್ತರ: ಆಗುತ್ತದೆ. ಮೊದಲು ದುಡ್ಡಿನ ಲೆಕ್ಕ ನೋಡೋಣ. ನಟ್ ಬಟರ್ ಅಂದರೆ ಬೀಜ ಅರೆದದ್ದು, ಅಷ್ಟೇ. ಎಣ್ಣೆ ತೆಗೆಯುವಾಗಿನ ಹಾಗೆ ಹಿಂಡಿ ಉಳಿಯುವುದಿಲ್ಲ, ಏನೂ ಆವಿಯಾಗಿ ಹೋಗುವುದಿಲ್ಲ. 200 ಗ್ರಾಂ ಬಾದಾಮಿ ಹಾಕಿದರೆ 200 ಗ್ರಾಂ ಬಟರ್ ಬರುತ್ತದೆ, ಜಾರಿಗೆ ಮೆತ್ತಿಕೊಂಡದ್ದನ್ನು ಬಿಟ್ಟು. ನಿಮ್ಮ ಅಂಗಡಿಯ ರೇಟಿನಲ್ಲಿ ಅದಕ್ಕೆ 180 ರೂಪಾಯಿ. ಮಿಕ್ಕ 240 ರೂಪಾಯಿ ನೀವು ಕೊಡುತ್ತಿರುವುದು ಅರೆದ ಕೂಲಿಗೆ, ಬಾಟಲಿಗೆ, ಮತ್ತೆ ಲೇಬಲ್ಲಿನ ಮೇಲಿನ 'ರಾ' (ಹಸಿ) ಅನ್ನುವ ಆ ಒಂದು ಪದಕ್ಕೆ.

ಇನ್ನು ಮಿಕ್ಸಿ. 500 ವ್ಯಾಟ್ ಸಾಕು, ಆದರೆ ಅವಸರ ಮಾಡಬಾರದು. ಬಾದಾಮಿಯನ್ನು ಬೆಳಿಗ್ಗೆ ಒಂದೆರಡು ಗಂಟೆ ಒಳ್ಳೆ ಬಿಸಿಲಿಗೆ ಹರಡಿ. ಗರಿಗರಿ ಆಗುತ್ತದೆ, ಬಿಸಿಲಿನ ಕಾವಿಗೆ ಎಣ್ಣೆ ಬೇಗ ಬಿಡುತ್ತದೆ. ಹುರಿದ ಹಾಗೂ ಆಗಲಿಲ್ಲ, ಗ್ಯಾಸ್ ಖರ್ಚೂ ಇಲ್ಲ. ಆಮೇಲೆ ಪೂರ್ತಿ ಒಣಗಿದ ಜಾರ್ ತಗೊಳ್ಳಿ. ಒಂದು ಹನಿ ನೀರೂ ಇರಬಾರದು. ಬ್ಲೇಡ್ ಮುಚ್ಚುವಷ್ಟಾದರೂ ಬೀಜ ಹಾಕಿ, ಮಧ್ಯದ ಜಾರಿಗೆ ಕಾಲು ಕೆಜಿ ಸರಿಹೋಗುತ್ತದೆ. ಬರೀ 50 ಗ್ರಾಂ ಹಾಕಿದರೆ ಪುಡಿಯೆಲ್ಲ ಗೋಡೆಗೆ ಹತ್ತಿಕೊಂಡು ಬ್ಲೇಡು ಗಾಳಿಯಲ್ಲಿ ಸುತ್ತುತ್ತಿರುತ್ತದೆ. ಮೊದಲು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ ಪುಡಿ ಮಾಡಿಕೊಳ್ಳಿ. ಆಮೇಲೆ ಒಂದು ನಿಮಿಷ ಓಡಿಸುವುದು, ನಿಲ್ಲಿಸುವುದು, ಮುಚ್ಚಳ ತೆಗೆದು ಚಮಚದ ಹಿಡಿಯಲ್ಲಿ ಬದಿಯದ್ದನ್ನೆಲ್ಲ ಕೆರೆದು ಕೆಳಗೆ ತಳ್ಳುವುದು, ಎರಡು ನಿಮಿಷ ಸುಮ್ಮನಿರುವುದು. ಇದನ್ನೇ ಮಾಡುತ್ತಾ ಹೋಗಬೇಕು.

ಪುಡಿ ಮೊದಲು ಒದ್ದೆ ಮರಳಿನ ಹಾಗಾಗುತ್ತದೆ. ಆಮೇಲೆ ಒಂದು ದೊಡ್ಡ ಮುದ್ದೆ ಕಟ್ಟಿಕೊಂಡು ಜಾರಿನೊಳಗೆ ಗರಗರ ಸುತ್ತುತ್ತದೆ. ಎಲ್ಲರೂ ಕೈಬಿಡುವುದು ಇಲ್ಲೇ! 'ಇದು ಬಟರ್ ಆಗಲ್ಲ ಬಿಡಿ' ಅಂತ ನೀರು ಹಾಕಿಬಿಡುತ್ತಾರೆ. ನೀರು ಹಾಕಿದಿರೋ, ಅದು ಇನ್ನಷ್ಟು ಗಟ್ಟಿಯಾಗುತ್ತದೆ, ಬೇಗ ಕೆಡುತ್ತದೆ ಕೂಡ. ಕಾಯಬೇಕು. ಬಾದಾಮಿಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆಯೇ ಇದೆ, ಅದು ಹೊರಗೆ ಬರಲೇಬೇಕು. ಮುದ್ದೆಯ ಮೇಲೆ ಹೊಳಪು ಕಂಡಿತು ಅಂದರೆ ಇನ್ನು ಸ್ವಲ್ಪದರಲ್ಲೇ ಸಡಿಲವಾಗಿ ಹರಿಯುವ ಹಾಗಾಗುತ್ತದೆ. ಹುರಿದ ಬೀಜ ಬೇಗ ಆಗುತ್ತದೆ, ಹಸಿ ಬಾದಾಮಿ ಸತಾಯಿಸುತ್ತದೆ. ನಡುನಡುವಿನ ವಿರಾಮ ಸೇರಿ ಅರ್ಧ ಗಂಟೆ ಅಂತ ಇಟ್ಟುಕೊಳ್ಳಿ. ತೀರಾ ಹಟ ಮಾಡಿದರೆ ಒಂದು ಚಮಚ ಕಡಲೆಕಾಯಿ ಎಣ್ಣೆ ಹಾಕಿ.

ಜಾರಿನ ತಳ ಮುಟ್ಟಿ ನೋಡುತ್ತಿರಿ. ಕೈ ಇಡಲಾಗದಷ್ಟು ಸುಟ್ಟರೆ ನಿಲ್ಲಿಸಿ. ಮಿಕ್ಸಿ ತಾನಾಗಿಯೇ ನಿಂತುಹೋದರೆ ಗಾಬರಿಯಾಗಬೇಡಿ. ಹೆಚ್ಚಿನ ಮಿಕ್ಸಿಗಳ ಅಡಿಯಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ, ಬಿಸಿ ಆರಿದ ಮೇಲೆ ಅದನ್ನು ಒತ್ತಿದರೆ ಮತ್ತೆ ಓಡುತ್ತದೆ. ಮೋಟಾರು ಸುಟ್ಟ ವಾಸನೆ ಬಂದರೆ ಮಾತ್ರ ಅವತ್ತಿಗೆ ಬಿಟ್ಟುಬಿಡಿ. ಬಟರ್ ಉಳಿಸಲು ಹೋಗಿ ಮಿಕ್ಸಿ ರಿಪೇರಿಗೆ ಕೊಟ್ಟರೆ ಉಳಿತಾಯ ಎಲ್ಲಿ ಬಂತು?

ಏನನ್ನೂ ಬೇಯಿಸದೆ ತಿನ್ನಬೇಕು ಅನ್ನುವ ಹಸಿ ಆಹಾರದವರು ಕಟ್ಟುನಿಟ್ಟಾಗಿ 42ರಿಂದ 48 ಡಿಗ್ರಿ ದಾಟಬಾರದು ಅನ್ನುತ್ತಾರೆ. ಮಿಕ್ಸಿಯ ಉಜ್ಜಾಟಕ್ಕೆ ಅದು ಸುಲಭವಾಗಿ ದಾಟುತ್ತದೆ. ವಿರಾಮ ಕೊಟ್ಟಷ್ಟೂ ಕಡಿಮೆ ಇರುತ್ತದೆ. ನನ್ನನ್ನು ಕೇಳಿದರೆ ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹುರಿದರೆ ಬಿ1 ವಿಟಮಿನ್ನಿನಂಥ ಕೆಲವು ಸ್ವಲ್ಪ ಕಡಿಮೆಯಾಗುತ್ತವೆ, ನಿಜ. ಮಗನಿಗೆ ಬೇಕಾಗಿರುವ ಪ್ರೋಟೀನ್ ಎಲ್ಲೂ ಓಡಿಹೋಗುವುದಿಲ್ಲ.

ಆ ಪ್ರೋಟೀನಿಗಾಗಿಯೇ ಆದರೆ ಇನ್ನೊಂದು ಮಾತು. ವಾರಕ್ಕೆ 200 ಗ್ರಾಂ ಅಂದರೆ ದಿನಕ್ಕೆ 28 ಗ್ರಾಂ ಚಿಲ್ಲರೆ, ಅದರಲ್ಲಿ ಪ್ರೋಟೀನ್ 6 ಗ್ರಾಂ ಇರುತ್ತದೆ. ಅಷ್ಟೇ ತೂಕದ ಕಡಲೆಬೀಜದಲ್ಲಿ 7 ಗ್ರಾಂ ಇರುತ್ತದೆ. ಬಾದಾಮಿಯಲ್ಲಿ ಇ ವಿಟಮಿನ್, ಕ್ಯಾಲ್ಸಿಯಂ ಜಾಸ್ತಿ, ಇಲ್ಲ ಅನ್ನುವುದಿಲ್ಲ. ಹಾಗಾದರೆ ಎರಡನ್ನೂ ಸೇರಿಸಿ ಅರೆಯಿರಿ. ಕಡಲೆಬೀಜ ಕೆಜಿಗೆ 160 ಅಂತ ಹಿಡಿದರೆ, ಮೂರು ಪಾಲು ಕಡಲೆಬೀಜ, ಒಂದು ಪಾಲು ಬಾದಾಮಿ ಸೇರಿಸಿದ ಬಟರ್ ಕೆಜಿಗೆ 345 ರೂಪಾಯಿ ಬೀಳುತ್ತದೆ, 200 ಗ್ರಾಂಗೆ 69. ಕಡಲೆಬೀಜ ಬೇಗ ಎಣ್ಣೆ ಬಿಡುವುದರಿಂದ ಮಿಕ್ಸಿಗೂ ಕಷ್ಟ ಕಡಿಮೆ.

ಪ್ರಶ್ನೆ: ನಮ್ಮ ಹೊಲದಾಗ ಬೆಳೆದ ಶೇಂಗಾ ಚೀಲಗಟ್ಟಲೆ ಐತ್ರೀ. ಹುರೀದನ ಹಸೀದ ಬಟರ್ ಮಾಡಿದ್ರ ನಡೀತದೇನ್ರಿ? ಹಸೀ ಶೇಂಗಾ ತಿಂದ್ರ ಪಿತ್ತ ಅಂತಾರ ನಮ್ಮ ಅತ್ತಿ.
— ಗದಗ ಜಿಲ್ಲೆಯ ಓದುಗರು

ಉತ್ತರ: ನಿಮ್ಮ ಅತ್ತೆಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬಾದಾಮಿ ಬೇರೆ, ಶೇಂಗಾ ಬೇರೆ. ಶೇಂಗಾ ನಿಜಕ್ಕೂ ತೊಗರಿ, ಹೆಸರು, ಅವರೆಯ ಕುಲದ್ದು. ಹಸಿ ಬೇಳೆಯಲ್ಲಿ ಇರುವಂತೆ ಇದರಲ್ಲೂ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಸ್ವಲ್ಪ ಇರುತ್ತದೆ. ಹುರಿದರೆ, ಬೇಯಿಸಿದರೆ ಅದು ತಗ್ಗುತ್ತದೆ. ಒಂದು ಹಿಡಿ ಹಸಿ ಶೇಂಗಾ ತಿಂದವರಿಗೆ ಏನೂ ಆಗುವುದಿಲ್ಲ, ಹೊಲದಲ್ಲಿ ಕೆಲಸ ಮಾಡುವವರು ತಿನ್ನುತ್ತಲೇ ಇರುತ್ತಾರೆ ಅಲ್ವಾ. ಆದರೆ ದಿನಾ ಎರಡು ದೊಡ್ಡ ಚಮಚ ಬಟರ್ ಅಂದಾಗ ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತದೆ. ರುಚಿಯೂ ಹಸಿ ಬಟಾಣಿಯ ತರಹ. ಹೀಗಾಗಿ ಶೇಂಗಾ ಮಟ್ಟಿಗೆ ನನ್ನ ವೋಟು ಹುರಿದದ್ದಕ್ಕೇ. ಸಣ್ಣ ಉರಿ, ದಪ್ಪ ತಳದ ಬಾಣಲೆ, ಸಿಪ್ಪೆ ಬಿಡುವವರೆಗೆ. ಕಪ್ಪು ಮಾಡಬೇಡಿ. ಹಸಿಯದ್ದೇ ಬೇಕು ಅನ್ನುವವರು ಕಡಿಮೆ ತಿಂದು ನೋಡಿ, ಹೊಟ್ಟೆ ಒಪ್ಪಿತೋ ಮುಂದುವರಿಸಿ.

ಹಸಿಯೋ ಹುರಿದದ್ದೋ ಅನ್ನುವುದಕ್ಕಿಂತ ಹತ್ತು ಪಾಲು ಮುಖ್ಯವಾದದ್ದು ಕಾಳು ಆರಿಸುವುದು. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಶೇಂಗಾಕ್ಕೆ ತೇವ ತಾಗಿದರೆ ಆಸ್ಪರ್ಜಿಲಸ್ ಅನ್ನುವ ಬೂಷ್ಟು ಬೆಳೆಯುತ್ತದೆ. ಅದು ಬಿಡುವ ಅಫ್ಲಾಟಾಕ್ಸಿನ್ ಅನ್ನುವ ವಿಷ ಲಿವರಿಗೆ ಕೆಟ್ಟದ್ದು, ಕ್ಯಾನ್ಸರಿಗೂ ದಾರಿ ಮಾಡುತ್ತದೆ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಇಡೀ ಕಾಳು ತಿನ್ನುವಾಗ ಕಹಿಯಾದದ್ದನ್ನು ನಾವು ಥೂ ಅಂತ ಉಗಿಯುತ್ತೇವೆ. ಬಟರ್ ಮಾಡಿದರೆ ಒಂದು ಕೆಟ್ಟ ಕಾಳು ನೂರರಲ್ಲಿ ಕರಗಿ ಗೊತ್ತೇ ಆಗದೆ ಹೊಟ್ಟೆಗೆ ಹೋಗುತ್ತದೆ. ಅದಕ್ಕೆ, ಮೊರದಲ್ಲಿ ಹಾಕಿಕೊಂಡು ಕುಳಿತು ಆರಿಸಿ. ಮುರುಟಿದ್ದು, ಹಳದಿ ಹಸಿರು ಬಣ್ಣಕ್ಕೆ ತಿರುಗಿದ್ದು, ಹುಳ ಕೊರೆದದ್ದು, ಮೊಳಕೆ ಒಡೆದದ್ದು, ಮುಗ್ಗಲು ವಾಸನೆಯದ್ದು ಎಲ್ಲ ತೆಗೆಯಿರಿ. ಜೀವ ಮರುಗಬೇಡಿ. ಕೀಳುವ ಹೊತ್ತಿಗೆ ಮಳೆಗೆ ಸಿಕ್ಕ ಬೆಳೆಯಾದರೆ ಆ ಚೀಲವನ್ನು ಬಟರಿಗೆ ಮುಟ್ಟಲೇಬೇಡಿ.

ಮನೆಯ ಬೆಳೆ ಇರುವವರಿಗೆ ಒಂದು ಅನುಕೂಲ ಇದೆ. ಸಿಪ್ಪೆಯೊಳಗೆ ಇದ್ದಷ್ಟು ದಿನ ಕಾಳು ಚೆನ್ನಾಗಿರುತ್ತದೆ. ಬೇಕಾದಾಗ ಬೇಕಾದಷ್ಟೇ ಒಡೆಯಿರಿ. ಕೆಜಿ ಕಾಯಿಗೆ ಸುಮಾರು 700 ಗ್ರಾಂ ಕಾಳು ಸಿಗುತ್ತದೆ. ಹಾಗೆ ನೋಡಿದರೆ ಒಳಕಲ್ಲಿನಲ್ಲಿ ಎಣ್ಣೆ ಬಿಡುವ ತನಕ ಶೇಂಗಾ ಚಟ್ನಿ ಕುಟ್ಟುವ ನಿಮ್ಮ ಕಡೆಯವರಿಗೆ ನಾನು ಹೇಳಿಕೊಡುವುದು ಏನಿದೆ? ಖಾರ ಬೆಳ್ಳುಳ್ಳಿ ಬಿಟ್ಟು ಇನ್ನೂ ಸ್ವಲ್ಪ ಹೊತ್ತು ಕುಟ್ಟಿದರೆ ಅದೇ ಪೀನಟ್ ಬಟರ್.

ಪ್ರಶ್ನೆ: ಬಸವನಗುಡಿ ಕಡಲೆಕಾಯಿ ಪರಿಷೆಯಲ್ಲಿ ತಂದ ಹಸಿ ಕಡಲೆಕಾಯಿ ಬಿಡಿಸಿ ಮಿಕ್ಸಿಗೆ ಹಾಕಿದೆ. ಬಟರ್ ಬದಲು ಚಟ್ನಿ ತರಹ ಆಯ್ತು, ಮೂರನೇ ದಿನ ಹುಳಿ ವಾಸನೆ. ಏನು ತಪ್ಪು?
— ಬೆಂಗಳೂರಿನ ಓದುಗರು

ಉತ್ತರ: ಹೊಲದಿಂದ ಆಗ ತಾನೇ ಕಿತ್ತು ತಂದ ಕಾಯಿಯಲ್ಲಿ ನೀರು ತುಂಬಿರುತ್ತದೆ. ಅದು ಉಪ್ಪು ಹಾಕಿ ಬೇಯಿಸಿ ತಿನ್ನಲಿಕ್ಕೆ ಹೇಳಿ ಮಾಡಿಸಿದ್ದು. ಬಟರಿಗೆ ಅಲ್ಲಾಡಿಸಿದರೆ ಗಿಲಗಿಲ ಅನ್ನುವಷ್ಟು ಒಣಗಿದ ಕಾಯಿ ಬೇಕು. ಇದೇ ಕಾರಣಕ್ಕೆ, ಬಾದಾಮಿಯನ್ನು ರಾತ್ರಿ ನೆನೆಸಿ ಸಿಪ್ಪೆ ಸುಲಿದು ಅರೆಯುತ್ತೇನೆ ಅನ್ನುವವರಿಗೂ ಹೇಳುವುದು: ನೆನೆಸಿದರೆ ಮತ್ತೆ ಚಟ್ ಅಂತ ಮುರಿಯುವಷ್ಟು ಒಣಗಿಸಬೇಕು. ಅಷ್ಟು ತಾಳ್ಮೆ ಇಲ್ಲದಿದ್ದರೆ ಸಿಪ್ಪೆ ಸಮೇತ ಅರೆಯಿರಿ. ಬಣ್ಣ ಸ್ವಲ್ಪ ಕಂದು, ರುಚಿ ಒಂಚೂರು ಒಗರು, ಅಷ್ಟೇ.

ಪ್ರಶ್ನೆ: ನಮ್ಮ ತೋಟದಲ್ಲಿ ಗೇರುಮರಗಳಿವೆ. ಪೇಟೆಯಲ್ಲಿ ಗೋಡಂಬಿ ಬಟರಿನ ಕ್ರಯ ನೋಡಿ ತಲೆ ತಿರುಗಿತು. ಮನೆಯ ಬೀಜವನ್ನೇ ಒಡೆದು ಹಸಿಯಾಗಿ ಅರೆಯಬಹುದೇ?
— ಪುತ್ತೂರಿನ ಓದುಗರು

ಉತ್ತರ: ಬೇಡ. ನಿಮ್ಮ ಊರಿನಲ್ಲೇ ಹಿರಿಯರನ್ನು ಕೇಳಿ ನೋಡಿ, ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಬಾಯಿ ಸುಟ್ಟುಕೊಂಡವರ ಕಥೆ ಇದ್ದೇ ಇರುತ್ತದೆ. ಆ ಎಣ್ಣೆ ಚರ್ಮಕ್ಕೆ ಬಿದ್ದರೆ ಬೊಬ್ಬೆ ಏಳುತ್ತದೆ. ಒಡೆಯುವಾಗ ಒಳಗಿನ ತಿರುಳಿಗೂ ತಾಗಬಹುದು. ಅದಕ್ಕೇ ಕೆಂಡದಲ್ಲಿ ಸುಟ್ಟು ಒಡೆಯುವ ರೂಢಿ ಬಂದದ್ದು. ಆ ಹೊಗೆಯೂ ಕಣ್ಣಿಗೆ, ಮೂಗಿಗೆ ಒಳ್ಳೆಯದಲ್ಲ, ಬಯಲಿನಲ್ಲೇ ಸುಡಬೇಕು. ಫ್ಯಾಕ್ಟರಿಯಲ್ಲೂ ಸಿಪ್ಪೆ ಸಮೇತ ಹಬೆಯಲ್ಲಿ ಬೇಯಿಸಿ ಅಥವಾ ಹುರಿದು ಆಮೇಲೆ ಒಡೆಯುತ್ತಾರೆ, ಅದಾದ ಮೇಲೆ ತಿರುಳನ್ನು ಬಿಸಿ ಗಾಳಿಯಲ್ಲಿ ಒಣಗಿಸಿ ಪೊರೆ ತೆಗೆಯುತ್ತಾರೆ. ಅಂದರೆ ಅಂಗಡಿಯ ಬಿಳಿ ಗೋಡಂಬಿಯೂ ಬಿಸಿ ಕಂಡದ್ದೇ. 'ರಾ ಕ್ಯಾಶ್ಯೂ ಬಟರ್' ಅಂತ ಬರೆದು ಹೆಚ್ಚಿಗೆ ದುಡ್ಡು ಕೇಳಿದರೆ ಇದು ನೆನಪಿರಲಿ.

ಮನೆಯ ಬೀಜವನ್ನು ಮಾರಿ, ಆ ದುಡ್ಡಿನಲ್ಲಿ ಗೋಡಂಬಿ ತುಂಡು ತಂದುಕೊಳ್ಳುವುದೇ ಜಾಣತನ. ಗೋಡಂಬಿಯ ಬೆಲೆ ಗಾತ್ರದ ಮೇಲೆ ನಿಂತಿದೆ. ಡಬ್ಲ್ಯೂ 180, ಡಬ್ಲ್ಯೂ 240, ಡಬ್ಲ್ಯೂ 320 ಅಂತ ಇರುತ್ತವಲ್ಲ, ಅದು ಒಂದು ಪೌಂಡಿಗೆ ಹೆಚ್ಚುಕಡಿಮೆ ಎಷ್ಟು ಬೀಜ ಬರುತ್ತವೆ ಅನ್ನುವ ಲೆಕ್ಕ. ಸಂಖ್ಯೆ ಕಡಿಮೆ ಇದ್ದಷ್ಟು ಬೀಜ ದಪ್ಪ, ಬೆಲೆ ಜಾಸ್ತಿ. ಅರೆದ ಮೇಲೆ ಯಾರಿಗೆ ಗೊತ್ತು ಇಡೀ ಬೀಜವೋ ಚೂರೋ ಅಂತ? ದಕ್ಷಿಣ ಕನ್ನಡ, ಉಡುಪಿ ಕಡೆಯವರಿಗೆ ಫ್ಯಾಕ್ಟರಿಗಳು ಹತ್ತಿರದಲ್ಲೇ ಇವೆ, ತುಂಡು, ಸಣ್ಣ ತುಂಡು ಇಡೀ ಬೀಜಕ್ಕಿಂತ ಅಗ್ಗಕ್ಕೆ ಸಿಗುತ್ತವೆ. ತೀರಾ ಹುಡಿಯಾದದ್ದು ಬೇಡ, ಅದು ಬೇಗ ಕಮಟುತ್ತದೆ. ಅರೆಯುವುದೂ ಸುಲಭ. ಗೋಡಂಬಿ ಮೆತ್ತಗಿನದು, ಬಾದಾಮಿ ಕೊಡುವ ಕಾಟದಲ್ಲಿ ಅರ್ಧವನ್ನೂ ಕೊಡುವುದಿಲ್ಲ.

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಇಲ್ಲಿನ ಪ್ಯಾಕೆಟ್ ಮೇಲೆ 'ರಾ' ಅಂತಲೇ ಇರುತ್ತದೆ, ಆದರೆ ಕ್ಯಾಲಿಫೋರ್ನಿಯಾ ಬಾದಾಮಿಯನ್ನು ಪಾಶ್ಚರೈಸ್ ಮಾಡಿರುತ್ತಾರೆ ಎಂದು ಗೆಳತಿ ಹೇಳುತ್ತಾಳೆ. ಯಾವುದು ನಿಜ? ಊರಿಂದ ಅಮ್ಮ ಬಾದಾಮಿ ಕಳಿಸಲಾ ಅಂತ ಕೇಳ್ತಿದ್ದಾರೆ!
— ನ್ಯೂಜೆರ್ಸಿಯ ಓದುಗರು

ಉತ್ತರ: ಗೆಳತಿ ಹೇಳಿದ್ದು ನಿಜ. 2001ರಲ್ಲಿ ಮತ್ತು 2004ರಲ್ಲಿ ಹಸಿ ಬಾದಾಮಿಯಿಂದ ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ರೋಗಾಣು ಹರಡಿದ್ದು ಪತ್ತೆಯಾಯಿತು. ಅದಾದ ಮೇಲೆ, 2007ರ ಸೆಪ್ಟೆಂಬರಿನಿಂದ ಅಮೆರಿಕದಲ್ಲಿ ಮಾರುವ ಕ್ಯಾಲಿಫೋರ್ನಿಯಾ ಬಾದಾಮಿಯನ್ನು ಪಾಶ್ಚರೈಸ್ ಮಾಡುವುದು, ಅಂದರೆ ಅದರ ಮೇಲಿನ ರೋಗಾಣು ಸಾಯಿಸುವುದು, ಕಡ್ಡಾಯವಾಯಿತು. ಕೆಲವರು ಹಬೆಯಲ್ಲಿ ಮಾಡುತ್ತಾರೆ, ಕೆಲವರು ಪ್ರೊಪಿಲೀನ್ ಆಕ್ಸೈಡ್ ಅನ್ನುವ ಅನಿಲದಲ್ಲಿ. ಹುರಿದಿಲ್ಲವಲ್ಲ, ಹಾಗಾಗಿ 'ರಾ' ಅಂತಲೇ ಮಾರುತ್ತಾರೆ. ಆರ್ಗ್ಯಾನಿಕ್ ಅಂತ ಇದ್ದರೆ ಹಬೆಯದ್ದು, ಅನಿಲಕ್ಕೆ ಅಲ್ಲಿ ಅವಕಾಶ ಇಲ್ಲ.

ಅಮ್ಮನ ವಿಷಯಕ್ಕೆ ಬಂದರೆ, ಪಾಪ, ಬೇಡ ಅನ್ನಿ. ಭಾರತದ ಅಂಗಡಿಯಲ್ಲಿರುವ ಬಾದಾಮಿಯಲ್ಲಿ ಬಹುಪಾಲು ಕ್ಯಾಲಿಫೋರ್ನಿಯಾದಿಂದಲೇ ಬರುವುದು. ಅಲ್ಲಿಂದ ಇಲ್ಲಿಗೆ ಬಂದದ್ದನ್ನು ಅವರು ಮತ್ತೆ ಅಲ್ಲಿಗೆ ಕಳಿಸಬೇಕಾ? ಹಬೆ ತಾಗಿದ ಬಾದಾಮಿಯಿಂದ ಬಟರ್ ಚೆನ್ನಾಗಿಯೇ ಆಗುತ್ತದೆ. ಇನ್ನು ಊರಿನ ಮಿಕ್ಸಿ ಒಯ್ಯುವ ಯೋಚನೆ ಇದ್ದರೆ 110 ವೋಲ್ಟಿನದ್ದೇ ಕೇಳಿ ಕೊಳ್ಳಿ. ನಿಮ್ಮಲ್ಲಿ ಕೆಲವು ಅಂಗಡಿಗಳಲ್ಲಿ ಬೀಜ ಅರೆಯುವ ಯಂತ್ರವನ್ನೇ ಇಟ್ಟಿರುತ್ತಾರಲ್ಲ, ಬಟನ್ ಒತ್ತಿದರೆ ಡಬ್ಬಿಗೆ ಇಳಿಯುತ್ತದೆ. ಬಾಟಲಿಯ ಬೆಲೆಗೆ ಹೋಲಿಸಿ ನೋಡಿ, ಅಗ್ಗವಾದರೆ ನೀವು ಮಿಕ್ಸಿ ಮುಟ್ಟುವುದೂ ಬೇಡ.

ಪ್ರಶ್ನೆ: ಹಾಸ್ಟೆಲ್‌ನಲ್ಲಿದ್ದೇನೆ. ಮಿಕ್ಸಿ ಇಲ್ಲ, ದುಡ್ಡೂ ಇಲ್ಲ. ಪೀನಟ್ ಬಟರ್ ತಿನ್ನಲೇಬೇಕು ಅಂತ ಆಸೆ. ಏನಾದರೂ ಉಪಾಯ?
— ಧಾರವಾಡದ ವಿದ್ಯಾರ್ಥಿ

ಉತ್ತರ: ತಮ್ಮಾ, ಹುರಿದ ಶೇಂಗಾ, ಒಂದು ತುಂಡು ಬೆಲ್ಲ. ಚೆನ್ನಾಗಿ ಅಗಿ. ಬಾಯೊಳಗೆ ಬಟರ್ ತಾನೇ ಆಗುತ್ತದೆ. ಒಂದು ಹಿಡಿಗೆ ಏಳು ಗ್ರಾಂ ಪ್ರೋಟೀನ್, ಬಾಟಲಿಯದ್ದಕ್ಕೆ ಏನೂ ಕಡಿಮೆ ಇಲ್ಲ. ರಜೆಗೆ ಊರಿಗೆ ಹೋದಾಗ ಅಮ್ಮನ ಮಿಕ್ಸಿಯಲ್ಲಿ ಮಾಡಿಕೊಂಡು ಬಾ. ರೂಮ್‌ಮೇಟ್ ಕಣ್ಣಿಗೆ ಬೀಳದ ಹಾಗೆ ಇಟ್ಟುಕೋ.

ಪ್ರಶ್ನೆ: ಮನೆಯಲ್ಲಿ ಮಾಡಿದ ಬಟರಿನ ಮೇಲೆ ಎಣ್ಣೆ ತೇಲುತ್ತದೆ, ಅಂಗಡಿಯದ್ದರಲ್ಲಿ ತೇಲುವುದಿಲ್ಲ. ಸಿಹಿಗೆ ಜೇನುತುಪ್ಪ ಹಾಕಿದರೆ ಕಲ್ಲಾಗುತ್ತದೆ. ಎಷ್ಟು ದಿನ ಇಡಬಹುದು?
— ಚಿತ್ರದುರ್ಗದ ಓದುಗರು

ಉತ್ತರ: ಎಣ್ಣೆ ತೇಲಬೇಕು. ತೇಲದಿರುವುದಕ್ಕೆ ಕೆಲವು ಕಂಪನಿಗಳು ಹೈಡ್ರೋಜನೀಕರಿಸಿದ ಎಣ್ಣೆಯನ್ನೋ ತಾಳೆ ಎಣ್ಣೆಯನ್ನೋ ಸೇರಿಸುತ್ತಾರೆ, ಅವು ಗಟ್ಟಿಯಾಗಿ ಬೀಜದೆಣ್ಣೆಯನ್ನು ಹಿಡಿದಿಡುತ್ತವೆ. ಡಬ್ಬಿಯ ಹಿಂದೆ ಓದಿ. ಯಾವುದು ಹೆಚ್ಚಿದೆಯೋ ಅದನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ, ಎರಡನೆಯ ಹೆಸರು ಸಕ್ಕರೆ ಆಗಿದ್ದರೆ ನೀವೇ ಯೋಚಿಸಿ. ಮನೆಯದ್ದಕ್ಕೆ ಚಮಚದಲ್ಲಿ ಕಲಸಿ ಫ್ರಿಜ್‌ನಲ್ಲಿಡಿ, ಬೇರೆಯಾಗುವುದು ನಿಧಾನವಾಗುತ್ತದೆ. ಎಣ್ಣೆ ಚೆಲ್ಲಬೇಡಿ, ಚೆಲ್ಲಿದರೆ ತಳದಲ್ಲಿ ಒಣ ಗಟ್ಟಿ ಉಳಿದುಕೊಳ್ಳುತ್ತದೆ.

ಜೇನಿನಲ್ಲಿ ನೀರಿನಂಶ ಇದೆ. ಅದು ಸೇರಿದ ಕೂಡಲೇ ಬಟರ್ ಬಿಗಿದುಕೊಳ್ಳುತ್ತದೆ. ಬೆಲ್ಲದ ಪಾಕವೂ ಹಾಗೇ. ತಿನ್ನುವ ಹೊತ್ತಿಗೆ ರೊಟ್ಟಿಯ ಮೇಲೆ ಬೇರೆಯಾಗಿ ಹಾಕಿಕೊಳ್ಳಿ, ಇಲ್ಲವಾದರೆ ಒಣ ಬೆಲ್ಲದ ಪುಡಿಯನ್ನೋ ಖರ್ಜೂರದ ಪುಡಿಯನ್ನೋ ಕೊನೆಯಲ್ಲಿ ಸೇರಿಸಿ ಒಂದು ಸುತ್ತು ತಿರುಗಿಸಿ. ಚಿಟಿಕೆ ಉಪ್ಪು ಮರೆಯಬೇಡಿ.

ಇಡುವ ಮಾತು. ಹಸಿ ಬಟರ್ ಫ್ರಿಜ್‌ನಲ್ಲಿ ಒಂದು ತಿಂಗಳು ಧಾರಾಳವಾಗಿ ಬರುತ್ತದೆ, ಒಣ ಚಮಚ ಹಾಕಿದರೆ. ಹೊರಗಿಟ್ಟರೆ, ಅದರಲ್ಲೂ ನಿಮ್ಮೂರಿನ ಬೇಸಿಗೆಯಲ್ಲಿ, ಒಂದು ವಾರದೊಳಗೆ ಮುಗಿಸಿ. ಅಕ್ರೋಟು ಸೇರಿಸಿದ್ದರೆ ಇನ್ನೂ ಬೇಗ, ಅದರ ಎಣ್ಣೆ ಬಹಳ ಬೇಗ ಕಮಟುತ್ತದೆ. ಮೂಗಿಗೆ ಹಳೇ ಎಣ್ಣೆಯ ವಾಸನೆ ಬಂತೋ, ಎಸೆಯಿರಿ. ಅಂದಹಾಗೆ, ಚಿಕ್ಕ ಮಕ್ಕಳಿಗೆ ಗಟ್ಟಿ ಬಟರನ್ನು ಚಮಚದಲ್ಲಿ ಹಾಗೇ ಕೊಡಬೇಡಿ, ಗಂಟಲಿಗೆ ಮೆತ್ತಿಕೊಳ್ಳುತ್ತದೆ. ಗಂಜಿಯಲ್ಲಿ ತೆಳ್ಳಗೆ ಕದಡಿ ಕೊಡಿ. ಕಡಲೆಬೀಜ, ಗೋಡಂಬಿ ಕೆಲವರಿಗೆ ಅಲರ್ಜಿ ಮಾಡುತ್ತವೆ, ಮನೆಯಲ್ಲಿ ಯಾರಿಗಾದರೂ ಅಂಥದ್ದು ಇದ್ದರೆ ಮಗುವಿಗೆ ಶುರು ಮಾಡುವ ಮುಂಚೆ ಡಾಕ್ಟರನ್ನು ಕೇಳಿ.

ಪ್ರಶ್ನೆ: ಮಿಕ್ಸಿ ಬದಲು ಇಡ್ಲಿ ಹಿಟ್ಟು ರುಬ್ಬುವ ಗ್ರೈಂಡರ್ ಆಗುತ್ತಾ? ಹಿಟ್ಟಿನ ಗಿರಣಿಗೆ ಕೊಟ್ಟರೆ?
— ಶಿವಮೊಗ್ಗದ ಓದುಗರು

ಉತ್ತರ: ಗಿರಣಿಯವರು ನಿಮ್ಮನ್ನು ಓಡಿಸುತ್ತಾರೆ. ಎಣ್ಣೆ ಬಿಟ್ಟ ಬೀಜ ಕಲ್ಲಿಗೆ ಮೆತ್ತಿಕೊಂಡರೆ ಅವರ ಇಡೀ ದಿನದ ಕೆಲಸ ಕೆಟ್ಟಿತು. ಗ್ರೈಂಡರ್ ವಿಷಯ ಮಾತ್ರ ಕುತೂಹಲದ್ದು. ಹೊರದೇಶದ ಸಣ್ಣ ಚಾಕೊಲೇಟ್ ತಯಾರಕರು ಕೋಕೋ ಅರೆಯಲು ಬಳಸುವ ಕಲ್ಲಿನ ಯಂತ್ರಗಳಲ್ಲಿ ಎಷ್ಟೋ ನಮ್ಮ ಈ ಇಡ್ಲಿ ಗ್ರೈಂಡರಿನಿಂದಲೇ ಹುಟ್ಟಿದ್ದು. ಆದರೆ ಆ ಕೆಲಸಕ್ಕೆಂದೇ ಅವನ್ನು ಗಟ್ಟಿ ಮಾಡಿರುತ್ತಾರೆ. ಮನೆಯ ಟೇಬಲ್‌ಟಾಪ್‌ಗೆ ಇಡೀ ಬೀಜ ಸುರಿದರೆ ಕಲ್ಲು ಸಿಕ್ಕಿಹಾಕಿಕೊಂಡು ಬೆಲ್ಟ್ ಹೋಗುತ್ತದೆ. ಮಿಕ್ಸಿಯಲ್ಲಿ ಸಡಿಲವಾಗುವ ತನಕ ಅರೆದು, ಇನ್ನೂ ನುಣ್ಣಗೆ ಬೇಕಾದರೆ ಆಮೇಲೆ ಗ್ರೈಂಡರಿಗೆ ಸ್ವಲ್ಪ ಸ್ವಲ್ಪ ಹಾಕಿ. ತೊಳೆಯುವ ಕೆಲಸ ಯಾರದ್ದು ಅನ್ನುವುದನ್ನು ಮೊದಲೇ ಮನೆಯಲ್ಲಿ ತೀರ್ಮಾನ ಮಾಡಿಕೊಳ್ಳಿ.

ಪ್ರಶ್ನೆ: ಗಾಣದಲ್ಲಿ ಎಣ್ಣೆ ತೆಗೆಸಿದ ಮೇಲೆ ಉಳಿದ ಕಡಲೆಕಾಯಿ ಹಿಂಡಿ ಮನೆಯಲ್ಲಿದೆ. ಅದಕ್ಕೇ ಸ್ವಲ್ಪ ಎಣ್ಣೆ ಕಲಸಿ ಅರೆದರೆ ಅಗ್ಗದ ಪೀನಟ್ ಬಟರ್ ಆಗಲ್ವಾ?
— ಚಳ್ಳಕೆರೆಯ ಓದುಗರು

ಉತ್ತರ: ಎಣ್ಣೆ ತೆಗೆಸಲು ದುಡ್ಡು ಕೊಟ್ಟು, ಮತ್ತೆ ಅದೇ ಎಣ್ಣೆ ಕಲಸುವುದಾ? ಕಲಸಿದರೂ ಅದು ತರಿತರಿಯಾಗಿ ಬೇರೆಯೇ ಕೂತಿರುತ್ತದೆ. ಅದಕ್ಕಿಂತ ಮುಖ್ಯ, ಎಣ್ಣೆಗೆ ಹಾಕುವ ಕಾಳನ್ನು ಯಾರೂ ಒಂದೊಂದಾಗಿ ಆರಿಸಿರುವುದಿಲ್ಲ. ಕೆಟ್ಟ ಕಾಳಿನ ಅಫ್ಲಾಟಾಕ್ಸಿನ್ ಎಣ್ಣೆಗೆ ಹೋಗುವುದಕ್ಕಿಂತ ಹಿಂಡಿಯಲ್ಲಿ ಉಳಿಯುವುದೇ ಜಾಸ್ತಿ. ಹಿಂಡಿ ಚೆನ್ನಾಗಿ ಒಣಗಿದ್ದರೆ ದನಕ್ಕೆ ಹಾಕಿ. ಬೂಷ್ಟು ಹಿಡಿದಿದ್ದರೆ ದನಕ್ಕೂ ಬೇಡ, ಆ ವಿಷ ಹಾಲಿಗೂ ಇಳಿಯುತ್ತದೆ. ಮುಂದಿನ ಸಲ ಗಾಣಕ್ಕೆ ಚೀಲ ಒಯ್ಯುವ ಮುಂಚೆ ಎರಡು ಕೆಜಿ ಒಳ್ಳೆ ಕಾಳು ಆರಿಸಿ ಬಟರಿಗೆ ಅಂತ ತೆಗೆದಿಟ್ಟುಕೊಳ್ಳಿ.